ಜಮುನಾಳ ಅಳು, ಉಮಕ್ಕನ ನಗು

ಬೇವಿನಗಿಡ ತಾಂಡಾ, ಚಿಂಚೋಳಿ ತಾಲೂಕು
4 ಫೆಬ್ರವರಿ 2025

ಪ್ರೀತಿಯ ಉಮಕ್ಕನಿಗೆ ತಸ್ಲೀಮಳ ಸಲಾಂ.

ಫೋನ್ ಮಾಡಲು ಏನು ಧಾಡಿ ಅಂತ ನೀವು ಬೈಯುವುದು ನನಗೆ ಇಲ್ಲಿಗೇ ಕೇಳಿಸುತ್ತದೆ. ಇಲ್ಲಿ ಸಿಗ್ನಲ್ ಸಿಗಬೇಕಾದರೆ ನೀರಿನ ಟಾಕಿಯ ದಿನ್ನೆ ಹತ್ತಬೇಕು. ಹತ್ತಿ ಮಾಡಿದರೂ ನೀವು ಸೇಡಂನ ನಿಮ್ಮ ರೊಟ್ಟಿ ಕೇಂದ್ರದಲ್ಲಿ ಎರಡೂ ಕೈಗೆ ಹಿಟ್ಟು ಮೆತ್ತಿಕೊಂಡು, ಫೋನನ್ನು ಸ್ಪೀಕರಿಗೆ ಹಾಕಿ, ಹತ್ತು ಜನ ಹೆಂಗಸರ ನಡುವೆ “ಹ್ಞಾಂ, ಹೇಳು” ಅನ್ನುತ್ತೀರಿ. ಇದು ಹತ್ತು ಜನ ಕೇಳುವ ಮಾತಲ್ಲ. ಅದಕ್ಕೇ ಕಾಗದ.

ಈ ಶಾಲೆಗೆ ಬಂದು ಏಳು ತಿಂಗಳಾಯಿತು. ಒಂದರಿಂದ ಐದರವರೆಗೆ ಮೂವತ್ತೊಂದು ಮಕ್ಕಳು, ನಾನೊಬ್ಬಳೇ ಟೀಚರ್. ನನ್ನ ಜೊತೆ ಕನ್ನಡ ಮಾತಾಡುತ್ತಾರೆ, ತಮ್ಮೊಳಗೆ ಲಂಬಾಣಿ. ಅವರ ಭಾಷೆಯಲ್ಲಿ ನನಗೆ ನಾಲ್ಕು ಶಬ್ದ ಬರುತ್ತವೆ, ಅದರಲ್ಲಿ ಎರಡು ಬೈಗುಳ.

ಶಾಲೆಯ ಹಿಂದಿನ ಮನೆಯಲ್ಲಿ ಜಮುನಾ ಅಂತ ಒಬ್ಬ ಹುಡುಗಿ ಇದ್ದಾಳೆ. ಇದೇ ಹದಿನಾರಕ್ಕೆ ಅವಳ ಮದುವೆ. ಮೂರು ವಾರದಿಂದ ದಿನಾ ಸಂಜೆ ಆ ಮನೆಯಿಂದ ಅಳು ಕೇಳುತ್ತಿದೆ. ಮುಸುಮುಸು ಅಳುವಲ್ಲ ಉಮಕ್ಕ, ಗಂಟಲು ಹರಿಯುವಂಥ ಅಳು. ಅವಳ ಅಜ್ಜಿ ರೂಪ್ಲಿಬಾಯಿ ಅವಳ ಕೊರಳಿಗೆ ಕೈ ಹಾಕಿ ಗಟ್ಟಿಯಾಗಿ ಹಿಡಿದು ಕುಳಿತಿರುತ್ತಾಳೆ. ಹುಡುಗಿ ಸ್ವಲ್ಪ ಸುಮ್ಮನಾದರೆ ಮುದುಕಿ ಗದರುತ್ತಾಳೆ. ಮತ್ತೆ ಶುರು. ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಸೋನಾಬಾಯಿಯನ್ನು ಕೇಳಿದೆ. ಅವಳು ಬೇಳೆ ತೊಳೆಯುತ್ತ ನಕ್ಕುಬಿಟ್ಟಳು. “ಅಳೋದು ಕಲೀಲಿಕತ್ತಾಳರೀ ಟೀಚರ್” ಅಂದಳು. ನನಗೆ ಮೈಯೆಲ್ಲ ಉರಿಯಿತು. ಇನ್ನು ಮೇಲೆ ಜೀವನವಿಡೀ ಇದೇ ಇದೆ, ಈಗಿನಿಂದಲೇ ರೂಢಿ ಮಾಡಿಕೋ ಅಂತಲೇ ಇದರ ಅರ್ಥ?

ನಿಮ್ಮ ಪಡಸಾಲೆಯ ಮದುವೆ ಫೋಟೊ ನೆನಪಾಯಿತು. ನಿಮ್ಮ ಮಾಳಿಗೆ ಕೋಣೆಯಲ್ಲಿದ್ದು ಡಿ.ಎಡ್. ಓದುವಾಗ ಎರಡು ವರ್ಷ ಆ ಫೋಟೊದ ಕೆಳಗೇ ಕುಳಿತು ಚಹಾ ಕುಡಿದವಳು ನಾನು. ನೀವೂ ಶಾಂತಕುಮಾರ ಅಣ್ಣನೂ ಹಲ್ಲು ಕಾಣುವಂತೆ ನಗುತ್ತ ನಿಂತಿದ್ದೀರಿ. ಮದುವೆಯಾಗುವ ಹುಡುಗಿಯ ಮುಖ ಹಾಗಿರಬೇಕು. ಈ ಹುಡುಗಿಯನ್ನು ಬಲವಂತದಿಂದ ಕೊಡುತ್ತಿದ್ದಾರೆ ಅಂತ ನನಗೆ ಖಾತ್ರಿಯಾಗಿದೆ. ಏನು ಮಾಡಲಿ?

ನಿಮ್ಮ
ತಸ್ಲೀಮ್


ಸೇಡಂ
8 ಫೆಬ್ರವರಿ 2025

ತಂಗಿ ತಸ್ಲೀಮಾ, ಶರಣು.

ಬರೆಯಲು ಕೂತರೆ ನನಗೆ ಶಾಲೆಯ ಕನ್ನಡವೇ ಬರುತ್ತದೆ. ಸಿಟ್ಟು ಬಂದಾಗ ಬಾಯಿಮಾತು ನುಸುಳುತ್ತದೆ, ಸಹಿಸಿಕೋ. ಇವತ್ತು ಸಿಟ್ಟು ಬಂದದ.

ಏನು ಮಾಡಲಿ ಅಂತ ಕೇಳುತ್ತೀಯಲ್ಲ, ನಿನಗೆ ನಾನು ಎರಡು ವರ್ಷ ರೊಟ್ಟಿ ತಿನ್ನಿಸಿದ್ದು ಇದಕ್ಕೇನು? ಒಂದು ಹುಡುಗಿ ಮೂರು ವಾರದಿಂದ ಅಳುತ್ತಿದ್ದಾಳೆ, ಮನೆಯವರು ಗದರಿ ಗದರಿ ಅಳಿಸುತ್ತಿದ್ದಾರೆ, ಊರಿನವರು ನಗುತ್ತಾರೆ. ಇದರಲ್ಲಿ ವಿಚಾರ ಮಾಡುವುದೇನಿದೆ? ಅಳು ಅಂದರೆ ಅಳು. ಸೇಡಂನಲ್ಲಿ ಅತ್ತರೂ ಅದೇ, ತಾಂಡಾದಲ್ಲಿ ಅತ್ತರೂ ಅದೇ. ಅವರ ರೀತಿ ರಿವಾಜು ಹಾಗೆ ಅಂತ ಯಾರಾದರೂ ಹೇಳಲು ಬಂದರೆ ಕಿವಿಗೆ ಹಾಕಿಕೊಳ್ಳಬೇಡ. ರಿವಾಜು ಅಂದ ಕೂಡಲೇ ಎಲ್ಲಾ ಮಾಫ್ ಏನು?

ಸಹಾಯವಾಣಿ ಇದೆ. ಫೋನ್ ಮಾಡು. ಹೆಸರು ಹೇಳು, ತಾರೀಕು ಹೇಳು. ಹೆದರಬೇಡ. ಹೊತ್ತು ಮೀರಿದ ಮೇಲೆ ಯಾರಿಗೆ ಏನು ಹೇಳಿದರೂ ಬಂದದ್ದೇನು ತಂಗಿ? ನನಗೆ ಚೆನ್ನಾಗಿ ಗೊತ್ತಿದೆ. ಹೇಗೆ ಗೊತ್ತು ಅಂತ ಕೇಳಬೇಡ.

ನಿಮ್ಮ ಶಾಂತಕುಮಾರ ಅಣ್ಣ ದಿನಾ ಕೆಲಸಕ್ಕೆ ವಾಡಿಗೆ ಹೋಗಿ ಬರುತ್ತಿದ್ದಾರೆ. ರೈಲು ತಡವಾದರೆ ನನ್ನ ಮೇಲೆ ರೇಗುತ್ತಾರೆ, ರೈಲು ನಾನೇ ಓಡಿಸಿದಂತೆ. ಈ ಕಾಗದದ ಸಂಗಡ ಶೇಂಗಾ ಹಿಂಡಿ ಕಳಿಸಿದ್ದೇನೆ. ರೊಟ್ಟಿಗೆ ಹಚ್ಚಿಕೊಂಡು ಒಬ್ಬಳೇ ತಿನ್ನು, ಮಕ್ಕಳಿಗೆ ಹಂಚಿ ಖಾಲಿ ಮಾಡಬೇಡ.

ಉಮಕ್ಕ


ಬೇವಿನಗಿಡ ತಾಂಡಾ
13 ಫೆಬ್ರವರಿ 2025

ಉಮಕ್ಕ,

ಮಾಡಿದೆ. ನಿಮ್ಮ ಕಾಗದ ಸಿಕ್ಕ ಮರುದಿನವೇ ದಿನ್ನೆ ಹತ್ತಿ ಫೋನ್ ಮಾಡಿದೆ. ಆ ಕಡೆಯವರು ಭಾಳ ತಾಳ್ಮೆಯಿಂದ ಕೇಳಿದರು, ಎಲ್ಲ ಬರೆದುಕೊಂಡರು. ಮದುವೆಯ ದಿನವೇ ಬಂದು ವಿಚಾರಿಸುತ್ತಾರಂತೆ. ಇಳಿದು ಬರುವಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಟೀಚರ್ ಆದದ್ದು ಇವತ್ತು ಅನ್ನಿಸಿತು.

ಸಂಜೆ ಮತ್ತೆ ಅಳು ಕೇಳಿತು. ಇನ್ನು ಮೂರೇ ದಿನ ತಡಿ ಹುಡುಗಿ ಅಂತ ನನ್ನಷ್ಟಕ್ಕೆ ಅಂದುಕೊಂಡೆ. ಹಿಂಡಿ ಮಸ್ತ್ ಇತ್ತು. ಮಕ್ಕಳಿಗೆ ಹಂಚಿದೆ, ಬೈಯಿರಿ.

ತಸ್ಲೀಮ್


ಸೇಡಂ
17 ಫೆಬ್ರವರಿ 2025

ತಸ್ಲೀಮಾ,

ಶಹಬ್ಬಾಸ್ ನನ್ನ ಮಗಳೇ! ನಿನ್ನ ಕಾಗದವನ್ನು ಕೇಂದ್ರದಲ್ಲಿ ಗಟ್ಟಿಯಾಗಿ ಓದಿದೆ. ಹತ್ತೂ ಜನ ರೊಟ್ಟಿ ಬಡಿಯುವುದು ಬಿಟ್ಟು ಚಪ್ಪಾಳೆ ಹೊಡೆದರು. ಇಷ್ಟು ಹೊತ್ತಿಗೆ ಆ ಹುಡುಗಿ ಬಿಡುಗಡೆಯಾಗಿರಬೇಕು. ಅವಳನ್ನು ಕರೆದುಕೊಂಡು ಒಂದು ದಿನ ಸೇಡಂಗೆ ಬಾ. ಓದುತ್ತೇನೆ ಅಂದರೆ ನಿನ್ನ ಮಾಳಿಗೆ ಕೋಣೆ ಖಾಲಿಯೇ ಇದೆ. ಎಲ್ಲ ವಿವರವಾಗಿ ಬರೆ, ಒಂದೂ ಬಿಡಬೇಡ.

ಉಮಕ್ಕ


ಬೇವಿನಗಿಡ ತಾಂಡಾ
20 ಫೆಬ್ರವರಿ 2025

ಉಮಕ್ಕ,

ಈಗ ತಾನೇ ನಿಮ್ಮ ಚಪ್ಪಾಳೆಯ ಕಾಗದ ಬಂತು. ಎರಡನೇ ಸಲ ಓದಲಾಗಲಿಲ್ಲ, ಮಡಚಿ ಇಟ್ಟೆ.

ಒಂದೂ ಬಿಡದೆ ಬರೆಯುತ್ತೇನೆ. ಹದಿನಾರನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಪೊಲೀಸ್ ಜೀಪು ಬಂತು. ಆಗ ಜಮುನಾ ಅಂಗಳದಲ್ಲಿ ಅಜ್ಜಿಯ ಕೊರಳಿಗೆ ಬಿದ್ದು ಅಳುತ್ತಿದ್ದಳು. ಬಂದವರ ತಪ್ಪಿಲ್ಲ. ನಾನು ಹೇಳಿದ್ದು ಹೇಗೋ ಕಂಡದ್ದೂ ಹಾಗೇ ಇತ್ತು. ಮನೆಯವರ ಎದುರಿಗೆ ಹುಡುಗಿ ಹೆದರಿ ಬಾಯಿ ಬಿಡಲಿಕ್ಕಿಲ್ಲ ಅಂತ ಅವಳನ್ನೂ ಅವಳ ತಾಯಿಯನ್ನೂ ಚಿಂಚೋಳಿಗೆ ಕರೆದುಕೊಂಡು ಹೋದರು. ಮದುವಣಗಿತ್ತಿಯ ಬಟ್ಟೆಯಲ್ಲೇ, ಕನ್ನಡಿ ಹೊಲಿದ ಲಂಗದಲ್ಲೇ, ಜೀಪಿನ ಹಿಂದಿನ ಸೀಟಿನಲ್ಲಿ. ಗಂಡಿನ ಕಡೆಯವರು ಕಾಳಗಿ ಹತ್ತಿರದ ತಾಂಡಾದಿಂದ ಎರಡು ಟ್ರ್ಯಾಕ್ಟರಿನಲ್ಲಿ ಬಂದಿದ್ದರು. ಪೊಲೀಸರು ಒಯ್ದ ಹುಡುಗಿ ನಮಗೆ ಬೇಡ ಅಂತ ತಿರುಗಿ ಹೋದರು.

ನಾಲ್ಕು ಗಂಟೆಗೆ ಜೀಪು ವಾಪಸು ಬಂತು. ಹುಡುಗಿಗೆ ವಯಸ್ಸು ಇಪ್ಪತ್ತೊಂದು. ಚಿಂಚೋಳಿಯಲ್ಲಿ ಬಿ.ಎ. ಮುಗಿಸಿದ್ದಾಳೆ. ಹುಡುಗ ಪ್ರಕಾಶ ಚವ್ಹಾಣ, ಮಳಖೇಡದಲ್ಲಿ ವೆಲ್ಡಿಂಗ್ ಕೆಲಸ. ಕಾಲೇಜಿನ ಬಸ್ಸಿನಲ್ಲಿ ಪರಿಚಯವಾದವನು. ಉಮಕ್ಕ, ಇದು ಅವಳೇ ಅಪ್ಪನ ಜೊತೆ ಎರಡು ವರ್ಷ ಜಗಳಾಡಿ ಒಪ್ಪಿಸಿದ ಮದುವೆ.

ಜೀಪಿನಿಂದ ಇಳಿದವಳು ನೇರ ನನ್ನ ಹತ್ತಿರ ಬಂದಳು. ಆಗ ಅಳುತ್ತಿರಲಿಲ್ಲ. “ಟೀಚರ್, ದಿನಾ ಮುಂಜಾನಿ ನಿಮ್ಮ ಸಾಲಿ ನಳಕ್ಕ ನೀರಿಗೆ ಬರ್ತಿದ್ದೆ. ಒಂದ್ ಮಾತು ನನ್ನ ಕೇಳಬೇಕಾಗಿತ್ತು” ಅಂದಳು. ಅಷ್ಟೇ ಹೇಳಿ ಒಳಗೆ ಹೋದಳು.

ಇದು ನಾನು ನಿಮಗೆ ಬರೆಯದೆ ಬಿಟ್ಟ ಮಾತು. ಅವಳು ದಿನಾ ಬರುತ್ತಿದ್ದಳು. ನಗುತ್ತ ಬರುತ್ತಿದ್ದಳು, ಸ್ವಚ್ಛ ಕನ್ನಡ ಮಾತಾಡುತ್ತಿದ್ದಳು. ಪಾಪ, ದುಃಖ ಮುಚ್ಚಿಕೊಂಡು ನಗುತ್ತಾಳೆ ಅಂತ ನಾನೇ ತೀರ್ಮಾನಿಸಿದ್ದೆ. ಫೋನಿನಲ್ಲಿ ಅವರು “ಹುಡುಗಿಯ ಜೊತೆ ಮಾತಾಡಿದ್ದೀರಾ?” ಅಂತ ಕೇಳಿದಾಗ ಹೌದು ಅಂದೆ. ಸುಳ್ಳು ಹೇಳಿದೆ ಉಮಕ್ಕ.

ಆ ಅಳು ಏನಂತ ಸೋನಾಬಾಯಿ ಈಗ ಹೇಳಿದಳು, ನಗದೆ ಹೇಳಿದಳು. ಅದಕ್ಕೆ ಅವರು ಢಾವಲೋ ಅನ್ನುತ್ತಾರೆ. ಮದುವೆಯಾಗಿ ಹೋಗುವ ಹುಡುಗಿ ಒಬ್ಬೊಬ್ಬರ ಕೊರಳಿಗೆ ಬಿದ್ದು ಅತ್ತುಕೊಂಡು ಹಾಡಬೇಕು. ತಾಯಿಗೆ ಬೇರೆ, ಅಪ್ಪನಿಗೆ ಬೇರೆ, ಗೆಳತಿಗೆ ಬೇರೆ. ತಾನೇ ಕಟ್ಟಿ ಹಾಡಬೇಕು. ತಿಂಗಳುಗಟ್ಟಲೆ ಕಲಿಯಬೇಕು. ರೂಪ್ಲಿಬಾಯಿ ಈ ಸುತ್ತಿನ ಎಂಟು ತಾಂಡಾಗಳಲ್ಲಿ ಅದನ್ನು ಕಲಿಸುವುದರಲ್ಲಿ ಹೆಸರಾದವಳು. ಅವಳು ಗದರುತ್ತಿದ್ದದ್ದು ದನಿ ತಪ್ಪಿದ್ದಕ್ಕೆ.

ನಾಲ್ಕು ದಿನದಿಂದ ಶಾಲೆಗೆ ಒಂದು ಮಗುವೂ ಬಂದಿಲ್ಲ. ನಾನು ಗಂಟೆ ಹೊಡೆಯುತ್ತೇನೆ, ಹಾಜರಿ ಪುಸ್ತಕ ತೆಗೆದು ಕೂರುತ್ತೇನೆ. ಈ ಮದುವೆ ಕೂಡಿಸಲು ನನ್ನಿಂದ ಏನಾದರೂ ಆಗುತ್ತದೆಯೇ? ವರ್ಗ ಮಾಡಿಸಿಕೊಂಡು ನಮ್ಮೂರು ಶಹಾಬಾದಿಗೆ ಓಡಿಹೋಗಲೇ? ಬೇಗ ಬರೆಯಿರಿ.

ತಸ್ಲೀಮ್


ಬೇವಿನಗಿಡ ತಾಂಡಾ
11 ಮಾರ್ಚ್ 2025

ಉಮಕ್ಕ,

ಮೂರು ವಾರವಾಯಿತು, ನಿಮ್ಮ ಕಾಗದವಿಲ್ಲ. ದಿನ್ನೆ ಹತ್ತಿ ಎರಡು ಸಲ ಫೋನ್ ಮಾಡಿದೆ. ಶಾಂತಕುಮಾರ ಅಣ್ಣ ಎತ್ತಿ “ಅಕಿ ಆರಾಮ ಅದಾಳವಾ, ಯಾಕೋ ಮಾತ್ ಕಮ್ಮಿ ಮಾಡ್ಯಾಳ” ಅಂದರು. ನೀವು ಮಾತು ಕಡಿಮೆ ಮಾಡಿದ್ದೀರಿ ಅಂದರೆ ನನಗೆ ನಂಬಿಕೆಯಾಗಲಿಲ್ಲ. ನನ್ನ ಮೇಲೆ ಸಿಟ್ಟಿದ್ದರೆ ಎದುರಿಗೇ ಬೈಯಿರಿ, ಸುಮ್ಮನಿರಬೇಡಿ.

ನೀವು ಬರೆಯದಿದ್ದರೂ ನಾನು ಕೆಲಸ ಶುರು ಮಾಡಿದ್ದೇನೆ. ನೀವೇ ಒಮ್ಮೆ ಮಾಡಿ ತೋರಿಸಿದ್ದು ನೆನಪಾಯಿತು. ಸೇಡಂನಲ್ಲಿ ನಾನು ಕೋಣೆ ಹುಡುಕುವಾಗ ಐದು ಮನೆಯವರು ನನ್ನ ಹೆಸರು ಕೇಳಿದ ಕೂಡಲೇ ಕೋಣೆ ಖಾಲಿ ಇಲ್ಲ ಅಂದಿದ್ದರು. ನೀವು ಮಾತ್ರ ಕಟ್ಟೆಯ ಮೇಲೆ ಕೂರಿಸಿ, “ನೀ ಏನ್ ತಿಂತಿ, ಏನ್ ತಿನ್ನಂಗಿಲ್ಲ, ನಮಾಜ್ ಯಾವಾಗ ಮಾಡ್ತಿ, ಎಲ್ಲಾ ಹೇಳು. ಆಮ್ಯಾಲ ನಮ್ಮನಿ ರೀತಿ ನಾ ಹೇಳ್ತೀನಿ. ಕೂಡಿದ್ರ ಇರು, ಇಲ್ಲಂದ್ರ ಚಹಾ ಕುಡ್ದು ಹೋಗು” ಅಂದಿರಿ. ಎಂಥ ಹೆಂಗಸಪ್ಪಾ ಅಂತ ಹೆದರಿದ್ದೆ. ಅಷ್ಟು ಪ್ರಶ್ನೆ ಕೇಳಿ ನನ್ನನ್ನು ಒಳಗೆ ಕರೆದವರು ನೀವು. ನಾನು ಜಮುನಾಳನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಅದಕ್ಕೆ ರಂಜಾನ್ ಉಪವಾಸದಲ್ಲೇ ಹೋಗಿ ರೂಪ್ಲಿಬಾಯಿಯ ಅಂಗಳದಲ್ಲಿ ಕುಳಿತೆ. ಮೊದಲ ದಿನ ಯಾರೂ ಮಾತಾಡಿಸಲಿಲ್ಲ. ಎರಡನೇ ದಿನ ಮುದುಕಿ “ರೋಜಾ ಇದ್ದೀಯಂತ, ಬಿಸಿಲಾಗ ಕುಂದ್ರಬ್ಯಾಡ, ಒಳಗ ಬಾ” ಅಂದಳು. ಮೂರನೇ ದಿನ ಅವಳು, ಜಮುನಾಳ ಅಪ್ಪ, ನಾನು, ಮೂವರೂ ಬಸ್ಸು ಹತ್ತಿ ಕಾಳಗಿಗೆ ಹೋದೆವು. ಗಂಡಿನ ತಾಂಡಾದ ಕಟ್ಟೆಯ ಮುಂದೆ ನಿಂತು ಹೇಳಿದೆ: “ತಪ್ಪು ನಂದು. ಹುಡುಗಿದಲ್ಲ, ಅವರ ಮನಿದಲ್ಲ. ನಮ್ಮ ಕಡಿ ಅಳು ಅಂದ್ರ ಒಂದೇ ಅರ್ಥ. ಇಲ್ಲಿ ಏನಂತ ನಾ ಕೇಳಲಿಲ್ಲ.”

ಪ್ರಕಾಶ ಒಂದು ಮೂಲೆಯಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. ಮದುವೆ ಬೇಡ ಅಂದವನು ಅವನಲ್ಲ, ಅವನ ಸೋದರತ್ತೆ ಚಾಂದಿಬಾಯಿ. ಆ ಮನೆಯಲ್ಲಿ ಅವಳ ಮಾತೇ ನಡೆಯುತ್ತದೆ. ನಿಮ್ಮ ಅವತಾರವೇ! ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಅಂದಳು: “ನಮ್ಮ ಅಳು ನಿಮಗ ತಿಳೀಲಿಲ್ಲ ಅಂದ್ರ ಕಲೀರಿ. ಮದುವಿ ದಿನ ಹುಡುಗಿ ಕೊರಳಿಗೆ ಬಿದ್ದು ನೀವೂ ಅಳಬೇಕು, ಎಲ್ಲಾರ ಮುಂದ. ನೀವು ಕಳದ ಮರ್ಯಾದಿ ನೀವೇ ತಂದು ಕೊಟ್ಟಂಗ ಆಗ್ತದ. ಸುಳ್ಳ ಅತ್ರಿ ಅಂದ್ರ ನಮಗ ಗೊತ್ತಾಗ್ತದ. ಹಂಗೇ ಎದ್ದು ಟ್ರ್ಯಾಕ್ಟರ್ ಹತ್ತತೀವಿ.”

ಏಪ್ರಿಲ್ 13ಕ್ಕೆ ಮುಹೂರ್ತ ಗೊತ್ತಾಗಿದೆ. ಜಮುನಾಳ ಮದುವೆ ಈಗ ನನ್ನ ಕಣ್ಣೀರಿನ ಮೇಲೆ ನಿಂತಿದೆ. ಆದರೆ ನನಗೆ ಅಳು ಬರುತ್ತಿಲ್ಲ ಉಮಕ್ಕ! ದಿನಾ ಸಂಜೆ ಇಫ್ತಾರಿಗೆ ಮೊದಲು ರೂಪ್ಲಿಬಾಯಿಯ ಹತ್ತಿರ ಕಲಿಯಲು ಕೂರುತ್ತೇನೆ. ಸ್ವರ ಹಿಡಿದೆ, ಉಸಿರು ಎಲ್ಲಿ ಬಿಡಬೇಕು ಅಂತ ತಿಳಿಯಿತು. ಜಮುನಾ ಪಕ್ಕದಲ್ಲಿ ಕುಳಿತು ತಿದ್ದುತ್ತಾಳೆ. ಈಗ ಮಾತಾಡುತ್ತಾಳೆ, ಒಂದೊಂದು ಸಲ ಚುಚ್ಚುತ್ತಾಳೆ. “ಟೀಚರ್ ಅಳೂದು ಕೇಳಿ ಯಾರರ ಫೋನ್ ಮಾಡ್ಯಾರು, ಹುಷಾರ್” ಅನ್ನುತ್ತಾಳೆ. ಆದರೆ ಕಣ್ಣು ಒಣ ಒಣ.

ಇಷ್ಟೆಲ್ಲ ಅತ್ತು ಹೋಗುವುದು ಯಾಕೆ ಅಂತ ರೂಪ್ಲಿಬಾಯಿಯನ್ನು ಕೇಳಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. “ಅವತ್ತೊಂದಿನ ಹುಡುಗಿ ಬಾಯಿ ಯಾರೂ ಮುಚ್ಚಂಗಿಲ್ಲ ತಂಗಿ. ಅಪ್ಪಗ ಬೈಬಹುದು. ಯಾಕ ಇಷ್ಟು ದೂರ ಕೊಟ್ಟಿ, ನನಗ ಆ ಊರು ಬ್ಯಾಡಾಗಿತ್ತು ಅನ್ನಬಹುದು. ಅಪ್ಪ ತಲಿ ಬಗ್ಗಿಸಿ ಕೇಳಬೇಕು. ಒಳಗಿಂದೆಲ್ಲಾ ಹೇಳಿ, ಹಗುರಾಗಿ ಹೋಗಬೇಕು.” ಆಮೇಲೆ ನನ್ನ ಗಲ್ಲ ಹಿಡಿದು ಕೇಳಿದಳು: “ನಿನಗ ಸ್ವರ ಬಂದದ. ಇನ್ನ ನೀ ಯಾರಿಗೆ ಅಳಬೇಕಾಗಿತ್ತು, ಅತ್ತಿಲ್ಲ? ಅವರನ್ನ ಹುಡುಕು.”

ನನಗೆ ಯಾರೂ ಹೊಳೆಯಲಿಲ್ಲ. ಬರೆಯಿರಿ ಉಮಕ್ಕ.

ತಸ್ಲೀಮ್


ಸೇಡಂ
22 ಮಾರ್ಚ್ 2025

ತಸ್ಲೀಮಾ,

ನಿನ್ನ ಮೇಲೆ ಸಿಟ್ಟಿಲ್ಲ. ನಾಚಿಕೆ. ನನಗೆ ನಾಚಿಕೆಯಾಗಿ ರೂಢಿಯಿಲ್ಲ, ಅದಕ್ಕೆ ಒಂದು ತಿಂಗಳು ಬೇಕಾಯಿತು.

ನಾನೂ ನಿನಗೆ ಒಂದು ಮಾತು ಬರೆಯದೆ ಬಿಟ್ಟಿದ್ದೆ. ನಿನ್ನ ಮೊದಲ ಕಾಗದ ಓದಿದ ದಿನ ಕೇಂದ್ರದಲ್ಲಿ ಸೂಗಮ್ಮ ಅಂದಳು, “ಉಮಕ್ಕ, ನಮ್ಮೂರ ಬಾಜೂ ತಾಂಡಾದಾಗೂ ಹಂಗೇ ಅಳ್ತಾರ, ಅದು ಅವರ ಹಾಡು ಕಾಣ್ತದ” ಅಂತ. ನಾನು ಅವಳ ಬಾಯಿ ಮುಚ್ಚಿಸಿದೆ. “ಸುಮ್ನ ರೊಟ್ಟಿ ಬಡಿ” ಅಂದೆ. ಆಮೇಲೆ ನಿನಗೆ ಆ ಜಂಬದ ಕಾಗದ ಬರೆದೆ. ಹಾಗಾಗಿ ತಪ್ಪು ನಂದು ಅಂತ ನೀನೊಬ್ಬಳೇ ಹೋಗಿ ಕಟ್ಟೆಯ ಮುಂದೆ ನಿಂತದ್ದು ನ್ಯಾಯವಲ್ಲ. ಅರ್ಧ ನನ್ನದು. ಅರ್ಧಕ್ಕಿಂತ ಜಾಸ್ತಿ.

ಯಾಕೆ ಹಾಗೆ ಮಾಡಿದೆ ಅಂತ ವಿಚಾರ ಮಾಡಿದೆ. ಹೇಳುತ್ತೇನೆ. ಇಲ್ಲಿಂದ ಮುಂದ ಶಾಲಿ ಕನ್ನಡ ಬರಂಗಿಲ್ಲ, ಹಂಗೇ ಓದಕೋ.

ನೀ ಆ ಫೋಟೊ ಬಗ್ಗೆ ಬರದಿ. ಅದು ತೊಂಬತ್ನಾಕರದು. ನನಗ ಹತ್ತೊಂಬತ್ತು. ಆವಾಗ ಕಲಬುರಗಿ ನರ್ಸಿಂಗ್ ಟ್ರೇನಿಂಗಿಗೆ ಅರ್ಜಿ ಹಾಕಿದ್ದೆ. ಚಿತ್ತಾಪುರದ ತವರಮನಿಗೆ ಸೀಟು ಸಿಕ್ಕದ ಅಂತ ಕಾಗದ ಬಂತು. ಅಪ್ಪ ಓದಿದ್ರು, ಮಡಚಿದ್ರು, ಪಂಚಾಂಗದಾಗ ಇಟ್ರು. “ಸೇಡಂದು ವರ ಛಲೋ ಅದ” ಅಂದ್ರು. ಅಷ್ಟೇ. ಹನ್ನೆರಡು ದಿನಕ್ಕ ಮದುವಿ. ನಾ ಒಂದ್ ಮಾತು ಆಡಲಿಲ್ಲ, ಒಂದ್ ಹನಿ ಹಾಕಲಿಲ್ಲ. ಫೋಟೊದವ “ನಗ್ರಿ” ಅಂದ, ನಕ್ಕೆ. ಬಂದವರೆಲ್ಲಾ ಹುಡುಗಿ ಎಷ್ಟು ಖುಷಿ ಅದಾಳ ನೋಡ್ರಿ ಅಂತ ಉಂಡು ಹೋದ್ರು. ನಗಾಕತ್ತಿದ್ದೆನಲ್ಲ, ಯಾರ್ ಕೇಳ್ತಾರ?

ಮೂವತ್ತೊಂದು ವರ್ಷ ಆತು, ಆ ಫೋಟೊದ ಕೆಳಗೇ ಕಸಾ ಹೊಡಿಯಾಕತ್ತೀನಿ. ನಿನ್ನ ಕಾಗದ ಬಂದಾಗ ಯಾವುದೋ ಹುಡುಗಿ ಅಳಾಕತ್ತಾಳ ಅಂದ ಕೂಡ್ಲೇ ನನಗ ಆ ಹುಡುಗಿ ಕಾಣಲಿಲ್ಲ ತಂಗಿ. ನಾನೇ ಕಂಡೆ. ತಡವಾಗಿ ನನ್ನ ಮದುವಿ ನಿಲ್ಲಸಾಕ ಹೋಗಿದ್ದೆ. ಅಕಿದು ಹಾಳ ಮಾಡಿದೆ.

ಈಗ ರೂಪ್ಲಿಬಾಯಿ ಅಂದಳಂತ ಬರದೀಯಲ್ಲ, ಅವತ್ತೊಂದಿನ ಹುಡುಗಿ ಬಾಯಿ ಯಾರೂ ಮುಚ್ಚಂಗಿಲ್ಲ ಅಂತ. ಅದನ್ನ ಮೂರು ಸಲ ಓದಿದೆ. ತಾಂಡಾದವರ ರಿವಾಜು ಅಂತ ನಾ ಮೂಗು ಮುರದಿದ್ದೆ. ನಮ್ಮನ್ಯಾಗ ಅಂಥದೊಂದು ದಿನ ಇದ್ದಿದ್ರ ನಾ ಅಪ್ಪನ ಕೊರಳಿಗೆ ಬಿದ್ದು ಕೇಳ್ತಿದ್ದೆ, ಆ ಕಾಗದ ಎಲ್ಲಿ ಅದ ಅಂತ.

ಇನ್ನು ಶಾಲೆಯ ಕನ್ನಡಕ್ಕೆ ಬರುತ್ತೇನೆ. ಕೇಳು. ನನ್ನ ಮೇಲೆ ಮರುಕ ಪಡಬೇಡ, ನನಗೆ ಅದು ಸೇರುವುದಿಲ್ಲ. ನಿಮ್ಮ ಅಣ್ಣ ಒಳ್ಳೆಯ ಮನುಷ್ಯ. ಅವರಿಗೆ ಆ ಸೀಟಿನ ವಿಷಯವೇ ಗೊತ್ತಿಲ್ಲ, ನಾನು ಹೇಳಿಲ್ಲ. ನನ್ನ ಕೇಂದ್ರ ನಾನು ಕಟ್ಟಿದ್ದು, ಹತ್ತು ಮನೆಗೆ ಅನ್ನ ಹಾಕುತ್ತಿದೆ. ನನ್ನ ಬದುಕು ನನಗೆ ಇಷ್ಟ. ಅದೂ ಖರೆ, ಇದೂ ಖರೆ.

ಆ ಹುಡುಗಿಗೆ ನನ್ನ ಪರವಾಗಿ ತಪ್ಪಾಯಿತು ಅಂತ ಹೇಳು. ಮತ್ತೆ ನೀನು ಹೇಗಾದರೂ ಮಾಡಿ ಅಳು. ಸೇಡಂನ ಈರುಳ್ಳಿ ಕಳಿಸಲೇನು?

ಉಮಕ್ಕ


ಬೇವಿನಗಿಡ ತಾಂಡಾ
14 ಏಪ್ರಿಲ್ 2025

ಉಮಕ್ಕ,

ಈರುಳ್ಳಿ ಬೇಕಾಗಲಿಲ್ಲ.

ನಿನ್ನೆ ಮದುವೆಯಾಯಿತು. ಗಂಡಿನ ಕಡೆಯವರು ಅದೇ ಎರಡು ಟ್ರ್ಯಾಕ್ಟರಿನಲ್ಲಿ ಬಂದರು. ಚಾಂದಿಬಾಯಿ ಅಂಗಳದ ಮಧ್ಯದಲ್ಲಿ, ನನ್ನ ಮುಖ ಸರಿಯಾಗಿ ಕಾಣುವಂಥ ಜಾಗ ನೋಡಿ ಕುಳಿತಳು. ಡ್ರೈವರನಿಗೆ ಅಲ್ಲೇ ಇರು ಅಂತ ಹೇಳಿದ್ದೂ ನನಗೆ ಕೇಳಿಸಿತು. ಮದುವೆಯ ಶಾಸ್ತ್ರಗಳೆಲ್ಲ ಮುಗಿದವು. ಹುಡುಗಿ ಹೊರಡುವ ಹೊತ್ತಾಯಿತು.

ಜಮುನಾ ಮೊದಲು ತಾಯಿಯ ಕೊರಳಿಗೆ ಬಿದ್ದಳು. ಆಮೇಲೆ ಅಪ್ಪ. ಎರಡು ವರ್ಷ ನನ್ನ ಮಾತು ಕೇಳಲಿಲ್ಲವಲ್ಲ ನೀನು ಅಂತ ಅಪ್ಪನಿಗೆ ಹಾಡಿನಲ್ಲೇ ಬೈದಳಂತೆ, ಸೋನಾಬಾಯಿ ನನ್ನ ಕಿವಿಯಲ್ಲಿ ಹೇಳಿದಳು. ಆ ಗಟ್ಟಿ ಮನುಷ್ಯ ತಲೆ ಬಗ್ಗಿಸಿ ನಿಂತು ಕೇಳಿದ. ಅಜ್ಜಿಗೆ ಹಾಡಿದಳು, ಶಾಲೆಯ ನಳಕ್ಕೂ ಎರಡು ಸಾಲು ಹಾಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

ಅವಳ ಕೊರಳಿಗೆ ಕೈ ಹಾಕಿದೆ. ಕಲಿತ ಲಂಬಾಣಿ ಸಾಲು ಒಂದೂ ನೆನಪಾಗಲಿಲ್ಲ. ಸ್ವರ ಮಾತ್ರ ಇತ್ತು. ಉಮಕ್ಕ, ಆ ಸ್ವರದಲ್ಲಿ ನಿಮ್ಮ ಹೆಸರು ಬಂತು. ನಾನು ತರಲಿಲ್ಲ, ಅದೇ ಬಂತು. ಪಂಚಾಂಗದಾಗ ಕಾಗದ ಇಟ್ಟಾರ ಉಮಕ್ಕ, ನೀ ನಗಬ್ಯಾಡ ಉಮಕ್ಕ, ಎರಡು ವರ್ಷ ನಿನ್ನ ಫೋಟೊದ ಕೆಳಗ ಚಹಾ ಕುಡದೆ ಉಮಕ್ಕ, ಒಂದ್ ದಿನಾನೂ ನಿನ್ನ ಕೇಳಲಿಲ್ಲ ಉಮಕ್ಕ. ಹೀಗೇ ಕನ್ನಡದಲ್ಲೇ, ನಿಮ್ಮನ್ನು ‘ನೀ’ ಅಂತ ಕರೆದು, ಎಲ್ಲರ ಮುಂದೆ. ಕಣ್ಣೀರು ಎಷ್ಟು ಬಂತೆಂದರೆ ಜಮುನಾಳ ಹೆಗಲ ಮೇಲಿನ ಓಢಣಿ ತೋಯ್ದುಹೋಯಿತು. ಮಧ್ಯೆ ಅವಳೇ ನನ್ನ ಬೆನ್ನು ಸವರತೊಡಗಿದಳು.

ಮುಗಿದ ಮೇಲೆ ಕಣ್ಣು ಒರೆಸಿಕೊಂಡು ನೋಡಿದರೆ ಚಾಂದಿಬಾಯಿ ತಾನೂ ಸೆರಗಿನಿಂದ ಮೂಗು ಒರೆಸುತ್ತಿದ್ದಳು. “ಯಾರ ಈ ಉಮಕ್ಕ? ಸತ್ತಾಳೇನು?” ಅಂದಳು.

“ಇಲ್ಲರೀ,” ಅಂದೆ, “ಸೇಡಂದಾಗ ರೊಟ್ಟಿ ಮಾಡಾಕತ್ತಾಳ.”

ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. ಚಾಂದಿಬಾಯಿ ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, “ಅಳು ಖರೇದು. ಹುಡುಗಿ ನಮ್ಮಕಿ” ಅಂದಳು. ಜಮುನಾ ಅವರ ರಿವಾಜಿನಂತೆ ಅಲಂಕಾರ ಮಾಡಿದ ಎತ್ತಿನ ಮೇಲೆ ಹತ್ತಿ ನಿಂತು ಇಡೀ ತಾಂಡಾಕ್ಕೆ ಕೈ ಎತ್ತಿ ಕೊನೆಯ ಹಾಡು ಹಾಡಿದಳು. ಇಳಿದವಳೇ ನನ್ನನ್ನು ಕರೆದು, “ಟೀಚರ್, ಕಾಡಿಗಿ ಹರಡ್ಯದೇನ್ರಿ ನೋಡ್ರಿ, ಫೋಟೊ ತೆಗಸ್ಕೋಬೇಕು” ಅಂತ ಕೇಳಿದಳು. ನಿಮ್ಮ ಮಾತು ಅವಳಿಗೆ ತಲುಪಿಸಿದ್ದೇನೆ. ಉಮಕ್ಕ ಒಮ್ಮೆ ನಮ್ಮ ಮನೆಗೆ ಬರಲಿ, ಜಗಳ ಇದ್ದರೆ ಅಲ್ಲೇ ಆಡೋಣ ಅಂದಿದ್ದಾಳೆ.

ಇವತ್ತು ಬೆಳಿಗ್ಗೆ ಶಾಲೆಯ ಬಾಗಿಲು ಗುಡಿಸಲು ಹೋದರೆ ರಜೆಯ ದಿನವೂ ಹನ್ನೊಂದು ಮಕ್ಕಳು ಮೆಟ್ಟಿಲ ಮೇಲೆ ಕೂತಿದ್ದರು. ಟೀಚರ್ ಹೇಗೆ ಅತ್ತರು ಅಂತ ಒಬ್ಬರಿಗೊಬ್ಬರು ಮಾಡಿ ತೋರಿಸುತ್ತಿದ್ದರು.

ನಿಮ್ಮನ್ನು ಕೇಳದೆ ನಿಮಗಾಗಿ ಅತ್ತೆ. ಅದೂ ತಪ್ಪಾಗಿದ್ದರೆ ಹೇಳಿ.

ತಸ್ಲೀಮ್


ಸೇಡಂ
23 ಏಪ್ರಿಲ್ 2025

ತಸ್ಲೀಮಾ,

ತಪ್ಪೇ. ಆದರೆ ಮಾಫ್ ಮಾಡಿದ್ದೇನೆ.

ನಿನ್ನ ಕಾಗದ ಬಂದಾಗ ನಿಮ್ಮ ಅಣ್ಣ ಮನೆಯಲ್ಲೇ ಇದ್ದರು. ಈ ಸಲ ಕೇಂದ್ರಕ್ಕೆ ಒಯ್ಯಲಿಲ್ಲ, ಅವರೊಬ್ಬರ ಮುಂದೆಯೇ ಓದಿದೆ. ಪಂಚಾಂಗದ ಮಾತು ಬಂದಾಗ “ಯಾವ ಕಾಗದ?” ಅಂತ ಕೇಳಿದರು. ಹೇಳಿದೆ. ಮೂವತ್ತೊಂದು ವರ್ಷ ಹೇಳದ್ದು ಹೇಳಲು ಐದು ನಿಮಿಷ ಹಿಡಿಯಿತು. ಒಲೆಯ ಮೇಲಿನ ರೊಟ್ಟಿ ಸೀದುಹೋಯಿತು, ಇಬ್ಬರೂ ಏಳಲಿಲ್ಲ.

ಅವರು ಗೋಡೆಯ ಮೇಲಿನ ಫೋಟೊ ನೋಡಿದರು. ಆಮೇಲೆ ಅಂದರು, “ನನಗೂ ಆ ಫೋಟೊದವನೇ ನಗ್ರಿ ಅಂದಿದ್ದ. ಇನ್ನೆರಡು ವರ್ಷ ಮದುವಿ ಬ್ಯಾಡ ಅಂತ ಅವ್ವಗ ಹೇಳಬೇಕು ಅನಕೊಂಡಿದ್ದೆ, ಧೈರ್ಯ ಆಗಲಿಲ್ಲ. ನನ್ನನ್ನೂ ಯಾರೂ ಕೇಳಲಿಲ್ಲ ಉಮಾ. ನೀನೂ ಕೇಳಲಿಲ್ಲ.”

ತಂಗಿ, ಇಷ್ಟು ವರ್ಷ ನಾನು ಅವರ ನಗು ಖರೇ ನಗು, ನನ್ನದೊಂದೇ ಸುಳ್ಳು ಅಂದುಕೊಂಡಿದ್ದೆ. ಒಂದೇ ಮನೆಯಲ್ಲಿ, ಒಂದೇ ಭಾಷೆಯಲ್ಲಿ ದಿನಾ ಜಗಳಾಡುತ್ತ. ತಾಂಡಾದವರ ಅಳು ನಮಗೆ ತಿಳಿಯಲಿಲ್ಲ ಅಂತ ನೀನು ಮರುಗಿದ್ದೀಯ. ನನಗೆ ನನ್ನ ಗಂಡನ ನಗುವೇ ತಿಳಿದಿರಲಿಲ್ಲ.

ಇಬ್ಬರೂ ಸ್ವಲ್ಪ ಅತ್ತೆವು. ನಮಗೆ ಸ್ವರ ಬರುವುದಿಲ್ಲ, ಹೇಗೋ ಹೇಗೋ ಅತ್ತೆವು. ಫೋಟೊ ತೆಗೆಯಲೇನು ಅಂತ ಅವರು ಕೇಳಿದರು. ಬೇಡ ಇರಲಿ ಅಂದೆ.

ಬೇಸಿಗೆ ರಜೆಗೆ ಬರುವಾಗ ರೂಪ್ಲಿಬಾಯಿಯನ್ನು ಕರೆದುಕೊಂಡು ಬಾ. ನಮ್ಮಿಬ್ಬರಿಗೂ ಅವಳ ಹತ್ತಿರ ಕಲಿಯುವುದಿದೆ. ಮೊದಲು ಅವಳು ಏನು ತಿನ್ನುತ್ತಾಳೆ, ಏನು ತಿನ್ನುವುದಿಲ್ಲ ಕೇಳಿ ನನಗೆ ಬರೆ. ಬರಲು ಮನಸ್ಸಿದೆಯೋ ಇಲ್ಲವೋ, ಅದನ್ನೂ ಕೇಳು. ಅವಳು ನಕ್ಕಳು ಅಂತ ಹೂಂ ಅಂದುಕೊಂಡುಬಿಡಬೇಡ.

ಉಮಕ್ಕ